ಯಾವ ಫೋಟೊಗೆ ಯಾವ ಹಾಡು?

ಅಪ್ಪ-ಅಮ್ಮನ ಮದುವೆಗೆ ಐವತ್ತು ವರ್ಷ ತುಂಬಿದಾಗ ಮನೆಮಂದಿಯೆಲ್ಲ ಸೇರಿ ನನಗೊಂದು ಕೆಲಸ ಹಚ್ಚಿದರು. ಹಳೇ ಆಲ್ಬಮ್ಮಿನ ಫೋಟೊಗಳನ್ನು ಸ್ಕ್ಯಾನ್ ಮಾಡಿ, ಹಿಂದೆ ಹಾಡು ಹಾಕಿ, ಊಟಕ್ಕೆ ಮುಂಚೆ ಗೋಡೆ ಮೇಲೆ ತೋರಿಸಬೇಕು. ಕಂಪ್ಯೂಟರ್ ಇರುವಾಗ ಇದೇನು ಮಹಾ ಅಂದುಕೊಂಡೆ. ಅಪ್ಪನಿಗೆ ಇಷ್ಟವಾದ ಒಂದು ಸಿನಿಮಾ ಹಾಡು ಆರಿಸಿದೆ. ನಾಲ್ಕು ನಿಮಿಷದ ಹಾಡು, ಅಂದರೆ 240 ಸೆಕೆಂಡು. ಫೋಟೊಗೆ 5 ಸೆಕೆಂಡಿನಂತೆ 48 ಫೋಟೊ. ಲೆಕ್ಕ ಚುಕ್ತಾ.

ಒಂದು ವಾರ ಮುಂಚೆ ಅಮ್ಮನಿಗೆ ತೋರಿಸಿದೆ. ಅರ್ಧಕ್ಕೇ ಎದ್ದು ಅಡುಗೆಮನೆಗೆ ಹೋದಳು.

“ಯಾಕಮ್ಮಾ, ಚೆನ್ನಾಗಿಲ್ವಾ?”

“ಚೆನ್ನಾಗೇ ಇದೆ ಕಣೋ. ಆದ್ರೆ ನಿನ್ ಚಿಕ್ಕಮ್ಮ ಬರೋ ಹೊತ್ತಿಗೆ ಆ ಡೋಲು ಯಾಕೆ ಹಂಗೆ ಬಡಕೋತಿತ್ತು?”

ಚಿಕ್ಕಮ್ಮ ಅಂದರೆ ಅಮ್ಮನ ಒಬ್ಬಳೇ ತಂಗಿ. ಇಪ್ಪತ್ತೆರಡನೇ ವಯಸ್ಸಿಗೆ ಜ್ವರ ಬಂದು ಹೋದವಳು. ನಾನು ನೋಡಿಲ್ಲ. ನನಗೆ ಅವಳು 48ರಲ್ಲಿ ಒಂದಷ್ಟು ಫೋಟೊ ಅಷ್ಟೆ. ಹಾಡಿನ ಯಾವ ಭಾಗದಲ್ಲಿ ಬಂದಳು ಅಂತ ನಾನು ಗಮನಿಸಿರಲೂ ಇಲ್ಲ.

ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಈ ಚಿತ್ರಕ್ಕೂ ಹಾಡಿಗೂ ಗಂಟು ಹಾಕುವ ಕೆಲಸವನ್ನು ನನಗಿಂತ ಮುಂಚೆ ಯಾರ್ಯಾರು ಮಾಡಿದ್ದಾರೆ, ಅವರೆಲ್ಲ ಹೇಗೆ ನಿಭಾಯಿಸಿದರು ಅಂತ ಹುಡುಕುತ್ತಾ ಕೂತೆ.

ಕಥೆ ತುಂಬ ಹಿಂದಕ್ಕೆ ಹೋಗುತ್ತದೆ. ದೀಪ, ಮಸೂರ, ಗಾಜಿನ ಮೇಲೊಂದು ಚಿತ್ರ; ಇಷ್ಟಿದ್ದರೆ ಗೋಡೆ ಮೇಲೆ ಚಿತ್ರ ಮೂಡುತ್ತದೆ. ಇದೇ ಮ್ಯಾಜಿಕ್ ಲ್ಯಾಂಟರ್ನ್. ಹದಿನೇಳನೇ ಶತಮಾನದಿಂದಲೂ ಯುರೋಪಿನಲ್ಲಿತ್ತು. ನಮ್ಮ ದೇಶದಲ್ಲಿ, ಮುಂಬೈ ಹತ್ತಿರದ ಕಲ್ಯಾಣದಲ್ಲಿ, ಮಹಾದೇವ ಗೋಪಾಲ ಪಟವರ್ಧನ್ ಅನ್ನುವವರು 1892ರಲ್ಲಿ ಮಕ್ಕಳ ಜೊತೆ ಸೇರಿ ಇಂಥದ್ದೇ ಪ್ರದರ್ಶನ ಶುರು ಮಾಡಿದರು. ಹೆಸರು ‘ಶಾಂಬರಿಕ ಖರೋಲಿಕಾ’. ಗಾಜಿನ ಮೇಲೆ ಕೈಯಲ್ಲೇ ಬಿಡಿಸಿದ ಪುರಾಣದ ಚಿತ್ರಗಳು, ಜೊತೆಗೆ ಕಥೆ ಹೇಳುವವರ ದನಿ, ಸಂಗೀತ. ಲೂಮಿಯೇರ್ ಸಹೋದರರ ಸಿನಿಮಾ ಮುಂಬೈಗೆ ಬಂದದ್ದು 1896ರಲ್ಲಿ. ಅದಕ್ಕೆ ನಾಲ್ಕು ವರ್ಷ ಮುಂಚೆಯೇ ಇಲ್ಲಿ ಜನ ಕತ್ತಲಲ್ಲಿ ಕೂತು, ಪರದೆ ನೋಡುತ್ತಾ ಕಥೆ ಕೇಳಿದ್ದರು.

ಆದರೆ ಒಂದು ಹಾಡು, ಅದಕ್ಕೆ ಸರಿಯಾಗಿ ಒಂದು ಕಟ್ಟು ಫೋಟೊ ಅನ್ನುವ ಲೆಕ್ಕಾಚಾರ ಪಕ್ಕಾ ಆದದ್ದು ಅಮೆರಿಕಾದಲ್ಲಿ. 1894ರಲ್ಲಿ ಜೋಸೆಫ್ ಸ್ಟರ್ನ್ ಮತ್ತು ಎಡ್ವರ್ಡ್ ಮಾರ್ಕ್ಸ್ ಅನ್ನುವ ಇಬ್ಬರು ಒಂದು ಹಾಡು ಕಟ್ಟಿದ್ದರು. ತಪ್ಪಿಸಿಕೊಂಡ ಮಗುವೊಂದು ಪೊಲೀಸಿನವನಿಗೆ ಸಿಗುತ್ತದೆ, ಕೊನೆಗೆ ನೋಡಿದರೆ ಅದು ಅವನದೇ ಮಗು. ಬ್ರೂಕ್ಲಿನ್‌ನ ನಾಟಕಮಂದಿರದಲ್ಲಿ ವಿದ್ಯುತ್ ಕೆಲಸ ಮಾಡುತ್ತಿದ್ದ ಜಾರ್ಜ್ ಥಾಮಸ್‌ಗೆ ಒಂದು ಉಪಾಯ ಹೊಳೆಯಿತು. ಹಾಡಿನ ಕಥೆಯಂತೆ ಜನರನ್ನು ನಿಲ್ಲಿಸಿ ಫೋಟೊ ತೆಗೆದು, ಗಾಜಿಗೆ ಇಳಿಸಿ, ಗಾಯಕ ಹಾಡುವಾಗ ಒಂದೊಂದಾಗಿ ಪರದೆ ಮೇಲೆ ಬಿಡೋದು! ಹಾಡು ಮನೆಮಾತಾಯಿತು. ಅದರ ಸ್ವರಲಿಪಿಯ ಹಾಳೆಗಳು ಲಕ್ಷಗಟ್ಟಲೆ ಖರ್ಚಾದವು.

ಮುಂದೆ 1905ರ ಸುಮಾರಿಗೆ ಐದು ಸೆಂಟಿನ ಪುಟ್ಟ ಸಿನಿಮಾ ಮಂದಿರಗಳು ಬೀದಿಬೀದಿಯಲ್ಲಿ ತೆರೆದವಲ್ಲ, ಆಗ ಈ ಸಚಿತ್ರ ಹಾಡುಗಳಿಗೆ ಸುಗ್ಗಿ. ಕಾರಣ ಬಹಳ ಸರಳ. ಬಹುತೇಕ ಕಡೆ ಇದ್ದದ್ದು ಒಂದೇ ಪ್ರೊಜೆಕ್ಟರ್. ಒಂದು ರೀಲು ತೆಗೆದು ಇನ್ನೊಂದು ಹಾಕುವ ತನಕ ಜನರನ್ನು ಹಿಡಿದಿಡಬೇಕಲ್ಲ? ಗಾಯಕ ಬಂದು ನಿಲ್ಲುತ್ತಿದ್ದ, ಪಿಯಾನೊ ಶುರುವಾಗುತ್ತಿತ್ತು. ಹಾಡಿಗೆ ಸುಮಾರು 12ರಿಂದ 16 ಚಿತ್ರ, ಒಂದೊಂದಕ್ಕೂ ಕೈಯಲ್ಲೇ ಬಣ್ಣ. ಕೊನೆಯ ಗಾಜಿನಲ್ಲಿ ಪಲ್ಲವಿಯ ಸಾಲುಗಳು ಇರುತ್ತಿದ್ದವು; ಇಡೀ ಮಂದಿರ ದನಿಗೂಡಿಸುತ್ತಿತ್ತು. ಆಮೇಲೆ ಮೂಕಿ ಸಿನಿಮಾದ ದೊಡ್ಡ ಹಾಸ್ಯನಟನಾದ ರಾಸ್ಕೊ ಆರ್ಬಕಲ್ ಕೂಡ ಮೊದಲು ಹೀಗೆ ಹಾಡುತ್ತಿದ್ದವನೇ. ಉದ್ದನೆಯ ಸಿನಿಮಾಗಳು ಬಂದ ಮೇಲೆ, ಮೊದಲ ಮಹಾಯುದ್ಧದ ಹೊತ್ತಿಗೆ, ಇದೆಲ್ಲ ಮರೆಯಾಯಿತು.

ಇಲ್ಲಿ ಒಂದು ವಿಷಯ ನೋಡಿ. ಆ ಗಾಜಿನ ಚಿತ್ರಗಳಲ್ಲಿ ಹಾಡೇ ಯಜಮಾನ. ಹಾಡು ಮೊದಲು ಹುಟ್ಟಿತು, ಫೋಟೊ ಅದಕ್ಕೋಸ್ಕರ ಹುಟ್ಟಿತು. ಅಳುವ ಸಾಲಿಗೆ ಅಳುವ ಹೆಂಗಸು ಇರಲೇಬೇಕು. ನಮ್ಮ ಕಡೆ ಎಂಬತ್ತು-ತೊಂಬತ್ತರ ದಶಕದ ಮದುವೆ ಕ್ಯಾಸೆಟ್ಟುಗಳನ್ನು ನೆನಪಿಸಿಕೊಳ್ಳಿ. ಹೆಣ್ಣೊಪ್ಪಿಸುವ ಶಾಸ್ತ್ರ ಬಂತೋ, ವಿಡಿಯೋದವನು ಒಂದು ಶೋಕದ ಹಾಡು ಹಾಕಿಯೇ ಹಾಕುತ್ತಿದ್ದ. ಹುಡುಗಿ ನಗುತ್ತಿದ್ದರೂ ನೋಡುವವರ ಕಣ್ಣಲ್ಲಿ ನೀರು!

ಆದರೆ ಮನೆಯ ಫೋಟೊಗಳ ಪಾಡು ಬೇರೆ. ಅವು ಯಾವ ಹಾಡಿಗೂ ಹುಟ್ಟಿದವಲ್ಲ. ಈ ತೊಡಕನ್ನು ತಲೆ ಮೇಲೆ ಹೊತ್ತುಕೊಂಡವಳು ನ್ಯೂಯಾರ್ಕಿನ ಛಾಯಾಗ್ರಾಹಕಿ ನ್ಯಾನ್ ಗೋಲ್ಡಿನ್. ಎಪ್ಪತ್ತರ ದಶಕದ ಕೊನೆಯಿಂದ ಆಕೆ ತನ್ನ ಗೆಳೆಯ-ಗೆಳತಿಯರ ಫೋಟೊಗಳನ್ನು ಅಲ್ಲಿನ ಕ್ಲಬ್ಬುಗಳಲ್ಲಿ ಸ್ಲೈಡ್ ಪ್ರೊಜೆಕ್ಟರ್ ಇಟ್ಟು ತೋರಿಸುತ್ತಿದ್ದಳು. ನೋಡುವವರೂ ಬಹಳಷ್ಟು ಮಟ್ಟಿಗೆ ಫೋಟೊದಲ್ಲಿದ್ದವರೇ. ‘ದಿ ಬ್ಯಾಲಡ್ ಆಫ್ ಸೆಕ್ಷುವಲ್ ಡಿಪೆಂಡೆನ್ಸಿ’ ಅಂತ ಅದರ ಹೆಸರು. ಹೆಚ್ಚುಕಡಿಮೆ 700 ಫೋಟೊ, 45 ನಿಮಿಷ. ಅಂದರೆ ಒಂದು ಚಿತ್ರಕ್ಕೆ ನಾಲ್ಕು ಸೆಕೆಂಡೂ ಇಲ್ಲ. ತಾರೀಖಿನ ಪ್ರಕಾರ ಜೋಡಿಸಿಲ್ಲ. ಹೆಂಗಸರು ಒಂದು ಗುಂಪು, ಗಂಡಸರು ಒಂದು ಗುಂಪು, ಜೋಡಿಗಳು ಒಂದು, ಖಾಲಿ ಹಾಸಿಗೆಗಳು ಒಂದು. ಹೀಗೆ ಗುಂಪು ಬದಲಾದಂತೆ ಹಾಡೂ ಬದಲಾಗುತ್ತದೆ. ನೀನಾ ಸಿಮೋನ್ ಇದ್ದಾಳೆ, ಜೇಮ್ಸ್ ಬ್ರೌನ್ ಇದ್ದಾನೆ, ಆಪೆರಾ ಗಾಯಕಿ ಮರಿಯಾ ಕ್ಯಾಲಸ್ ಕೂಡ ಇದ್ದಾಳೆ. ಚಿತ್ರದ ಸಾಲನ್ನೂ ಹಾಡನ್ನೂ ಆಕೆ ವರ್ಷಗಟ್ಟಲೆ ಬದಲಾಯಿಸುತ್ತಲೇ ಇದ್ದಳು.

1986ರಲ್ಲಿ ಅದು ಪುಸ್ತಕವಾದಾಗ ಆಕೆ ಅದನ್ನು ಅರ್ಪಿಸಿದ್ದು ಅಕ್ಕ ಬಾರ್ಬರಾಗೆ. ಅಕ್ಕ 1965ರಲ್ಲಿ, ಹದಿನೆಂಟನೇ ವಯಸ್ಸಿಗೆ, ಜೀವ ಕಳಕೊಂಡಿದ್ದಳು. ನ್ಯಾನ್‌ಗೆ ಆಗ ಹನ್ನೊಂದು. ಅಕ್ಕ ನಿಜಕ್ಕೂ ಹೇಗಿದ್ದಳು ಅನ್ನೋದು ಮರೆತೇಹೋಯಿತಲ್ಲ ಅನ್ನುವ ಸಂಕಟವೇ ತನ್ನ ಕೈಗೆ ಕ್ಯಾಮೆರಾ ಕೊಟ್ಟಿತು ಅಂತ ಆಕೆ ಬರೆದುಕೊಂಡಿದ್ದಾಳೆ. ಇದನ್ನು ಓದಿದ ಮೇಲೆ ನಾನು ಕಂಪ್ಯೂಟರ್ ಮುಚ್ಚಿದೆ.

ಬೆಳಿಗ್ಗೆ ಎದ್ದು ಫೋಟೊಗಳನ್ನು ಮತ್ತೆ ಹರವಿಕೊಂಡು ಮೂರು ಗುಂಪು ಮಾಡಿದೆ. ಅಪ್ಪ-ಅಮ್ಮನ ಮದುವೆ ಮತ್ತು ಮೊದಲ ಮನೆಯದು ಒಂದು. ನಾವು ಮಕ್ಕಳು, ಮೊಮ್ಮಕ್ಕಳದು ಒಂದು. ಮೂರನೆಯದು ಚಿಕ್ಕಮ್ಮನದು. ಲೆಕ್ಕ ಹಾಕಿದರೆ ಅವಳವು ಏಳೇ ಏಳು. ಮೊದಲೆರಡು ಗುಂಪಿಗೆ ಹಾಡು ಸುಲಭವಾಗಿ ಸಿಕ್ಕಿತು. ಮೂರನೆಯದಕ್ಕೆ ನಿಧಾನವಾದ, ಮನಸ್ಸು ಕಲಕುವಂಥ ಒಂದು ಹಾಡು ಹಾಕಿ ಅಮ್ಮನಿಗೆ ಕೇಳಿಸಿದೆ. ಈ ಸಲ ಸರಿಹೋಯ್ತು ಅಂತ ನನಗೆ ಖಾತ್ರಿ.

“ಅಳೋ ಹಾಡು ಬೇಡ ಕಣೋ,” ಅಂದಳು ಅಮ್ಮ. “ಅವಳು ಯಾವತ್ತು ಅಳ್ತಿದ್ಲು? ರೇಡಿಯೋ ಮುಂದೆ ಕೂತು ಜಡೆ ಹಾಕ್ಕೊಳ್ತಾ ಒಂದು ಹಾಡು ಗುನುಗ್ತಿದ್ಲು. ಅದು ಸಿಗುತ್ತಾ ನೋಡು.”

ಸಿಕ್ಕಿತು. ಎಸ್. ಜಾನಕಿ ಹಾಡಿದ್ದು. ನನಗೆ ಆಶ್ಚರ್ಯವಾದದ್ದೇನೆಂದರೆ, ನಾನು ಮೊದಲು ಹಾಕಿದ್ದಕ್ಕಿಂತಲೂ ಅದು ಚುರುಕಾದ ಹಾಡು. ಅದರಲ್ಲೂ ತಾಳವಾದ್ಯ ಬೇಕಾದಷ್ಟಿದೆ. ಅಮ್ಮನಿಗೆ ಡೋಲಿನ ಮೇಲೆ ಸಿಟ್ಟಿರಲಿಲ್ಲ. ಮೊದಲಿನ ಹಾಡು ಅಪ್ಪನದಾಗಿತ್ತು. ಅದರೊಳಗೆ ತಂಗಿ ಯಾರದೋ ಮನೆಗೆ ಬಂದ ನೆಂಟಳ ಹಾಗೆ ಬಂದು ಹೋಗುತ್ತಿದ್ದಳು. ಸಂತೋಷದ ಫೋಟೊಗೆ ಸಂತೋಷದ ಹಾಡು, ದುಃಖದ್ದಕ್ಕೆ ದುಃಖದ್ದು ಅಂತ ಹೊಂದಿಸುವುದು ನೂರು ವರ್ಷದ ಹಿಂದಿನ ಗಾಜಿನ ಚಿತ್ರದವರಿಗೂ ಗೊತ್ತಿತ್ತು. ಹಾಡು ಯಾರದು ಅಂತ ಕೇಳಬೇಕು ಅನ್ನೋದು ನನಗೆ ಹೊಳೆದಿರಲಿಲ್ಲ.

ಇನ್ನೊಂದು ತಾಪತ್ರಯ ಉಳಿದಿತ್ತು. ಹಾಡು ಮೂರೂವರೆ ನಿಮಿಷ, ಫೋಟೊ ಏಳು. ಅಂದರೆ ಒಂದೊಂದು ಫೋಟೊ ಅರ್ಧ ನಿಮಿಷ ನಿಲ್ಲಬೇಕು. ಇಷ್ಟು ಹೊತ್ತು ಯಾರು ನೋಡ್ತಾರೆ, ಹಾಡನ್ನೇ ಕತ್ತರಿಸಲಾ ಅಂತ ಕೇಳಿದೆ.

“ಇರಲಿ ಬಿಡು,” ಅಂದಳು ಅಮ್ಮ.

ಆ ದಿನ ಗೋಡೆ ಮೇಲೆ ಚಿಕ್ಕಮ್ಮ ಒಂದೊಂದು ಫೋಟೊದಲ್ಲೂ ಅರ್ಧ ನಿಮಿಷ ನಿಂತಳು. ಊಟಕ್ಕೆ ತಡವಾಯಿತು ಅಂತ ಯಾರೂ ಅನ್ನಲಿಲ್ಲ. ಎರಡನೇ ಚರಣ ಬರುವ ಹೊತ್ತಿಗೆ ಹಿಂದಿನ ಸಾಲಿನಿಂದ ಯಾರೋ ಸಣ್ಣಗೆ ದನಿಗೂಡಿಸಿದರು. ತಿರುಗಿ ನೋಡಿದೆ. ಅಮ್ಮ.