ಅಸಿಟೈಲ್‌ಕೋಲಿನ್: ನರದಿಂದ ನಯಸ್ನಾಯುವಿಗೆ ಹೋಗುವ ಸಂದೇಶ

ಉದಗೀರ, ನಿಲಂಗಾ, ಉಮರ್ಗಾ ಭಾಗದಲ್ಲಿ ಸೋಯಾಬೀನ್, ತೊಗರಿಗೆ ಎಣ್ಣೆ ಹೊಡೆಯುವ ದಿನಗಳಲ್ಲಿ ನಮ್ಮ ಸದಸ್ಯರ ಮನೆಯವರು ಅನೇಕರು ಹೊಲದಲ್ಲೇ ಇರುತ್ತಾರೆ. ಆ ಎಣ್ಣೆಗಳಲ್ಲಿ ಕೆಲವು ಮೈಯೊಳಗೆ ಏನು ಮಾಡುತ್ತವೆ ಎಂದು ತಿಳಿಯಲು ಮೊದಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಪರಿಚಯ ಬೇಕು.

ಕರುಳು, ಮೂತ್ರಕೋಶ, ಶ್ವಾಸನಾಳ, ಕಣ್ಣಿನ ಪಾಪೆ ಇವುಗಳಲ್ಲಿರುವುದು ನಯಸ್ನಾಯು. ಶಾಲೆಯಲ್ಲಿ ನಾವು ಅನೈಚ್ಛಿಕ ಸ್ನಾಯು ಎಂದು ಓದಿದ್ದು ಇದನ್ನೇ; ನಮ್ಮ ಅಪ್ಪಣೆಗೆ ಅದು ಕಾಯುವುದಿಲ್ಲ. ಇದರ ನಡುವೆ ಹಾಯುವ ನರದ ಎಳೆ ಸರದ ಮಣಿಗಳಂತೆ ಅಲ್ಲಲ್ಲಿ ಉಬ್ಬಿರುತ್ತದೆ. ಸಂದೇಶ ಬಂದಾಗ ಆ ಉಬ್ಬುಗಳಿಂದ ಅಸಿಟೈಲ್‌ಕೋಲಿನ್ ಹೊರಬಂದು ಸ್ನಾಯುಕೋಶದ ಮೇಲಿನ ಎಂ3 ಎಂಬ ಗ್ರಾಹಕಕ್ಕೆ ಅಂಟುತ್ತದೆ. ಆಗ ಕೋಶದೊಳಗಿನ ದಾಸ್ತಾನಿನಿಂದ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ, ಅದು ಕ್ಯಾಲ್ಮಾಡ್ಯುಲಿನ್ ಜೊತೆ ಸೇರಿ ಒಂದು ಕಿಣ್ವವನ್ನು ಎಬ್ಬಿಸುತ್ತದೆ, ಆ ಕಿಣ್ವ ಮಯೋಸಿನ್ ಅನ್ನು ಕೆಲಸಕ್ಕೆ ಹಚ್ಚುತ್ತದೆ. ಸ್ನಾಯು ಬಿಗಿಯುತ್ತದೆ. ಹೊಟ್ಟೆ ನುಲಿದಾಗ ಡಾಕ್ಟರು ಬರೆದುಕೊಡುವ ಡೈಸೈಕ್ಲೋಮಿನ್ ಗುಳಿಗೆ ಈ ಗ್ರಾಹಕಕ್ಕೂ ಅಡ್ಡ ನಿಲ್ಲುತ್ತದೆ.

ನರ ರಾಸಾಯನಿಕದ ಮೂಲಕ ಮಾತಾಡುತ್ತದೆ ಎಂಬುದನ್ನು 1921ರಲ್ಲಿ ಕಪ್ಪೆಯ ಹೃದಯದ ಮೇಲೆ ತೋರಿಸಿದವರು ಆಟೊ ಲೋಯಿ. ಹೃದಯದ್ದು ನಯಸ್ನಾಯುವಲ್ಲ, ಆದರೂ ಸಂದೇಶವಾಹಕ ಇದೇ. ಅವರಿಗೂ ಹೆನ್ರಿ ಡೇಲ್ ಅವರಿಗೂ 1936ರಲ್ಲಿ ನೊಬೆಲ್ ಬಂತು.

ಹೊರಬಿದ್ದ ಅಸಿಟೈಲ್‌ಕೋಲಿನ್ ಅಲ್ಲೇ ಉಳಿದರೆ ಸ್ನಾಯು ಬಿಗಿದೇ ಇರುತ್ತದೆ. ಅದಕ್ಕೆಂದೇ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಅದನ್ನು ಬಹುಬೇಗ ಒಡೆದುಹಾಕುತ್ತದೆ. ಮೊನೊಕ್ರೊಟೊಫಾಸ್, ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್‌ನಂಥ ಆರ್ಗನೊಫಾಸ್ಫೇಟ್ ಎಣ್ಣೆಗಳು ಕೈಹಾಕುವುದು ಈ ಕಿಣ್ವಕ್ಕೇ. ಅದು ಕಟ್ಟುಬಿದ್ದಾಗ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಬೆವರು, ಜೊಲ್ಲು, ವಾಂತಿ, ಭೇದಿ ಶುರುವಾಗುತ್ತವೆ, ಶ್ವಾಸನಾಳ ಬಿಗಿದು ಕಫ ತುಂಬಿ ಉಸಿರು ಸಿಗದಂತಾಗುತ್ತದೆ. ಕೈಕಾಲಿನ, ಉಸಿರಾಟದ ಸ್ನಾಯುಗಳೂ ಸೋಲಬಹುದು. 2017ರಲ್ಲಿ ನಮ್ಮದೇ ರಾಜ್ಯದ ಯವತ್ಮಾಳದಲ್ಲಿ ಹತ್ತಿಗೆ ಸಿಂಪಡಿಸುತ್ತಿದ್ದ ರೈತರು, ಕೂಲಿಕಾರರು ಸುಮಾರು 20 ಜನ ತೀರಿಕೊಂಡರು. ಅಲ್ಲಿ ಬಳಕೆಯಾದ ಎಣ್ಣೆಗಳಲ್ಲಿ ಈ ಜಾತಿಯವೂ ಇದ್ದವು.

ಆಸ್ಪತ್ರೆಯಲ್ಲಿ ಕೊಡುವ ಅಟ್ರೋಪಿನ್ ಅಸಿಟೈಲ್‌ಕೋಲಿನ್‌ಗೆ ಗ್ರಾಹಕದ ಬಾಗಿಲು ಹಾಕುತ್ತದೆ. ಕಫ ಆರಿ ಉಸಿರು ಸಲೀಸಾಗುವವರೆಗೂ ಅಳೆದು ಅಳೆದು ಕೊಡುತ್ತಾರೆ. ಆದರೆ ಸೋತ ಕೈಕಾಲಿಗೆ ಅದು ಶಕ್ತಿ ತರದು. ಅದಕ್ಕೆ ಪ್ರಾಲಿಡಾಕ್ಸಿಮ್, ಕೆಲವೊಮ್ಮೆ ಉಸಿರಾಟದ ಯಂತ್ರ ಬೇಕಾಗುತ್ತದೆ. ಉಮ್ಮತ್ತಿ ಗಿಡದಲ್ಲೂ ಅಟ್ರೋಪಿನ್ ಜಾತಿಯ ಪದಾರ್ಥವಿದೆ, ಮರಾಠಿಯವರು ಧೋತ್ರಾ ಅನ್ನುತ್ತಾರಲ್ಲ, ಅದೇ. ಒಂದೊಂದು ಗಿಡದಲ್ಲಿ ಪ್ರಮಾಣ ಒಂದೊಂದು ತರಹ ಇರುವುದರಿಂದ ಮನೆಯಲ್ಲಿ ಅದನ್ನು ಅರೆದು ಕುಡಿಸಿದರೆ ವಿಷದ ಮೇಲೆ ಇನ್ನೊಂದು ವಿಷವಾಗುತ್ತದೆ.

ಸಿಂಪಡಿಸುವಾಗ ಯಾರಿಗಾದರೂ ಹೀಗಾದರೆ ಬಟ್ಟೆ ಕಳಚಿ ಮೈಯನ್ನು ಸೋಪು ಹಚ್ಚಿ ತೊಳೆಯಿರಿ. ತೊಳೆಯುವವರ ಕೈಗೂ ಗವಸು ಇರಲಿ. ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ, ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಅದೇ ನಂಬರು. ಎಣ್ಣೆಯ ಡಬ್ಬಿ ಚೀಟಿ ಸಮೇತ ಜೊತೆಗೆ ಹೋಗಲಿ. ಲಾತೂರಿನಲ್ಲಿ ಮರಾಠಿ, ಬೀದರಿನಲ್ಲಿ ಕನ್ನಡ. ಗಾಬರಿಯಲ್ಲಿ ಯಾವ ಭಾಷೆಯೂ ಬಾಯಿಗೆ ಬರದಿದ್ದರೂ ಡಾಕ್ಟರು ಆ ಚೀಟಿಯ ಮೇಲಿನ ಹೆಸರು ಓದಿಕೊಳ್ಳುತ್ತಾರೆ.