ಮಾವನ ಜೀಪು ಮತ್ತು ನಾನು ತಿರುಗಿಸಿದ ಸ್ಕ್ರೂ

ಚೆಂಬೂರಿನಿಂದ ವಿ.ಟಿ.ಗೆ ಹಾರ್ಬರ್ ಲೈನಿನಲ್ಲಿ ಓಡಾಡಿದವರಿಗೆ ಡಾಕ್‌ಯಾರ್ಡ್ ರೋಡ್ ಸ್ಟೇಷನ್ ಗೊತ್ತಿರುತ್ತದೆ. ಅಲ್ಲಿಳಿದರೆ ಮಜಗಾಂವ್. ವರ್ಷಗಟ್ಟಲೆ ಆ ಸ್ಟೇಷನ್ ದಾಟಿ ಕೆಲಸಕ್ಕೆ ಹೋಗುತ್ತಿದ್ದರೂ, ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲಿ ಏದುಸಿರು ಬಿಡುತ್ತಿದ್ದ ಜೀಪುಗಳ ತವರುಮನೆ ಇದೇ ಎಂಬುದು ನನಗೆ ತಿಳಿದದ್ದು ತಡವಾಗಿ. ತಿಳಿದ ಮೇಲೆ ಆ ಸ್ಟೇಷನ್ ಬಂದಾಗಲೆಲ್ಲ ಮೂಡಿಗೆರೆ ಕಡೆಯ ನನ್ನ ಸೋದರಮಾವನ ಜೀಪು ನೆನಪಾಗುತ್ತಿತ್ತು. ಜೊತೆಗೆ ನಾನು ಮಾಡಿದ ಒಂದು ತಪ್ಪೂ!

ಕತೆಗೆ ಮೊದಲು ಸ್ವಲ್ಪ ಇತಿಹಾಸ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1940ರಲ್ಲಿ, ಅಮೆರಿಕದ ಸೈನ್ಯ ಒಂದು ಹಗುರ ಗಾಡಿ ಬೇಕೆಂದು ಕಂಪನಿಗಳನ್ನು ಕೇಳಿತು. ಮೊದಲ ಮಾದರಿಯನ್ನು ಕೊಟ್ಟದ್ದು ಬ್ಯಾಂಟಮ್ ಎಂಬ ಚಿಕ್ಕ ಕಂಪನಿ. ಆದರೆ ದೊಡ್ಡ ಆರ್ಡರುಗಳು ಸಿಕ್ಕಿದ್ದು ಟೊಲೆಡೊದ ವಿಲ್ಲೀಸ್‌ಗೂ ಫೋರ್ಡ್‌ಗೂ. ಯುದ್ಧ ಮುಗಿಯುವಷ್ಟರಲ್ಲಿ ಇವರಿಬ್ಬರೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದರು. ವಿಲ್ಲೀಸ್ ಗೆದ್ದದ್ದು ಮುಖ್ಯವಾಗಿ ಎಂಜಿನ್ನಿನಿಂದ. ಬಾರ್ನಿ ರೂಸ್ ಎಂಬ ಎಂಜಿನಿಯರ್ ತಿದ್ದಿ ತೀಡಿದ 2.2 ಲೀಟರಿನ ಆ ಎಂಜಿನ್ 60 ಕುದುರೆ ಶಕ್ತಿ ಕೊಡುತ್ತಿತ್ತು.

1945ರಲ್ಲಿ ಯುದ್ಧ ಮುಗಿಯುತ್ತಲೇ ವಿಲ್ಲೀಸ್ ಅದೇ ಜೀಪನ್ನು ರೈತರಿಗೆ ಮಾರಲು ಹೊರಟಿತು. ಅದೇ ವರ್ಷ ನಮ್ಮಲ್ಲಿ ಮಹೀಂದ್ರ ಅಂಡ್ ಮಹಮ್ಮದ್ ಕಂಪನಿ ಶುರುವಾಯಿತು. ದೇಶ ಇಬ್ಭಾಗವಾದಾಗ ಪಾಲುದಾರ ಗುಲಾಮ್ ಮಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಆ ದಶಕದ ಕೊನೆಯ ವರ್ಷಗಳಲ್ಲೇ ಮಜಗಾಂವ್‌ನಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ಶುರು. ಆಮೇಲೆ ಬಂದದ್ದು ನಮಗೆಲ್ಲ ಗೊತ್ತಿರುವ ಎತ್ತರದ ಬಾನೆಟ್ಟಿನ ಸಿಜೆ 3ಬಿ. ಅಮೆರಿಕದಲ್ಲಿ ಅದು 1953ರಿಂದ 1968ರವರೆಗೆ ತಯಾರಾಯಿತು, ನಮ್ಮಲ್ಲಿ ಅದಕ್ಕಿಂತ ಬಹುಕಾಲ ಬಾಳಿತು. ಬಾನೆಟ್ ಎತ್ತರವಾಗಲು ಕಾರಣ ಹೊಸ ಎಂಜಿನ್. ಇನ್‌ಲೆಟ್ ವಾಲ್ವುಗಳನ್ನು ಬ್ಲಾಕಿನಿಂದ ಮೇಲಿನ ಹೆಡ್ಡಿಗೆ ತಂದಿದ್ದರಿಂದ ಎಂಜಿನ್ ಉದ್ದವಾಗಿತ್ತು.

ಮಾವನದೂ ಅದೇ ಪೆಟ್ರೋಲ್ ಸಿಜೆ 3ಬಿ.

1986ರ ದೀಪಾವಳಿಗೆ ಊರಿಗೆ ಹೋಗಿದ್ದೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬೊಂಬಾಯಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದ ಹೊಸತು. ಜಂಬ ಕೇಳಬೇಕೆ? ಮಾವ ಅಂದರು, "ಗಾಡಿ ನಿಂತಲ್ಲೇ ರೇಸ್ ಆಗ್ತದೆ ಮಾರಾಯ. ನೀನು ಇಂಜಿನಿಯರ್ ಅಲ್ವಾ, ನೋಡು ಸ್ವಲ್ಪ."

ಎಕ್ಸಲೇಟರ್ ಮೇಲಿಂದ ಕಾಲು ತೆಗೆದಾಗ ಎಂಜಿನ್ ತನ್ನಷ್ಟಕ್ಕೆ ತಿರುಗುತ್ತದಲ್ಲ, ಅದೇ ಐಡ್ಲಿಂಗ್. ಈ ಜೀಪುಗಳಿಗೆ ಅದು ನಿಮಿಷಕ್ಕೆ ಸುಮಾರು 600 ಸುತ್ತು ಇರಬೇಕು. ಮಾವನ ಗಾಡಿಯದು ಅದರ ಎರಡರಷ್ಟಕ್ಕೂ ಹೆಚ್ಚಿತ್ತು, ಕಿವಿಗೇ ಗೊತ್ತಾಗುತ್ತಿತ್ತು. ಕಾರ್ಬೊರೇಟರಿನಲ್ಲಿ ಎರಡು ಸ್ಕ್ರೂ. ಒಂದು, ಗಾಳಿಯ ಬಾಗಿಲು ಪೂರ್ತಿ ಮುಚ್ಚದಂತೆ ತಡೆದು ಹಿಡಿಯುವುದು. ಇನ್ನೊಂದು, ಐಡ್ಲಿಂಗ್‌ನಲ್ಲಿ ಎಷ್ಟು ಪೆಟ್ರೋಲ್ ಸೇರಬೇಕೆಂದು ಹೇಳುವ ಮಿಕ್ಸ್ಚರ್ ಸ್ಕ್ರೂ. ನಾನು ಮೊದಲನೆಯದನ್ನು ಪೂರ್ತಿ ಬಿಚ್ಚಿದೆ. ಸ್ಪೀಡು ಸ್ವಲ್ಪವೂ ಇಳಿಯಲಿಲ್ಲ. ಎರಡನೆಯದನ್ನು ಬಿಗಿ ಮಾಡಿದೆ. ಪೆಟ್ರೋಲ್ ಕಮ್ಮಿಯಾಗಿ ಎಂಜಿನ್ ಕುಂಟುತ್ತಾ ನಿಧಾನವಾಯಿತು. "ಸರಿಹೋಯ್ತು ಮಾವ" ಅಂದೆ.

ಮಾರನೇ ದಿನ ಮಾವ ಹಳ್ಳದ ಕಡೆಗಿನ ಇಳಿಜಾರಿಗೆ ಜೀಪು ಇಳಿಸಿದರು. ಹಿಂದೆ ಎರಡು ಮೂಟೆ ಗೊಬ್ಬರ. ಮಳೆ ಬಂದು ಕೆಂಪು ಮಣ್ಣು ಜಾರುತ್ತಿತ್ತು. ಅಂಥ ಕಡೆ ಅವರ ಪದ್ಧತಿ ಒಂದೇ: ಫೋರ್ ವೀಲ್ ಲೋ, ಫಸ್ಟ್ ಗೇರ್, ಯಾವ ಪೆಡಲ್ಲಿಗೂ ಕಾಲಿಡಬಾರದು, ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ.

ಇಲ್ಲೊಂದು ಲೆಕ್ಕ. ವಿಲ್ಲೀಸ್ ಸಿಜೆ 3ಬಿಯಲ್ಲಿ ಫಸ್ಟ್ ಗೇರ್ 2.8, ಲೋ ರೇಂಜ್ 2.46, ಆಕ್ಸಲ್ 5.38. ಗುಣಿಸಿದರೆ ಸುಮಾರು 37. ಅಂದರೆ ಎಂಜಿನ್ 37 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. 600 ಸುತ್ತಿನ ಐಡ್ಲಿಂಗ್‌ನಲ್ಲಿ ಜೀಪು ಗಂಟೆಗೆ ಸುಮಾರು ಎರಡು ಕಿಲೋಮೀಟರ್ ಹೋಗುತ್ತದೆ, ಅಜ್ಜಿ ದೇವಸ್ಥಾನ ಸುತ್ತಿದ ಹಾಗೆ. ಐಡ್ಲಿಂಗ್ 1400 ಆದರೆ ಅದೇ ಗೇರಿನಲ್ಲಿ ಐದು ಕಿಲೋಮೀಟರ್. ಊರಿನ ರಸ್ತೆಯಲ್ಲಿ ಅದು ಲೆಕ್ಕಕ್ಕೇ ಇಲ್ಲ. ಜಾರುವ ಇಳಿಜಾರಿನಲ್ಲಿ ಬಹಳ ದೊಡ್ಡ ವ್ಯತ್ಯಾಸ.

ಅರ್ಧ ಇಳಿಯುವಷ್ಟರಲ್ಲಿ ಎಂಜಿನ್ ಸದ್ದು ಏರಿತು. ಗಾಬರಿಯಾಗಿ ಮಾವ ಬ್ರೇಕ್ ಒತ್ತಿದರು. ಚಕ್ರಗಳು ಕಚ್ಚಿಕೊಂಡು ಗಾಡಿ ಅಡ್ಡಡ್ಡ ಜಾರಿ, ನಾಲ್ಕು ಕಾಫಿ ಗಿಡ ಮುರಿದು, ಸಿಲ್ವರ್ ಓಕ್ ಮರವೊಂದಕ್ಕೆ ಗುದ್ದಿ ನಿಂತಿತು. ಮಾವನ ಬಲಗೈ ಮಣಿಕಟ್ಟು ಮುರಿಯಿತು. ಆ ಮರ ಇಲ್ಲದಿದ್ದರೆ ಕೆಳಗೆ ಹಳ್ಳ. ಪಕ್ಕದ ಸೀಟಿನಲ್ಲಿ ನಾನಿದ್ದೆ...

ಮೂಡಿಗೆರೆಯಿಂದ ಬಂದ ಮೇಸ್ತ್ರಿ ಬಾನೆಟ್ ಎತ್ತಿ ಸ್ಕ್ರೂ ನೋಡಿದರು. "ಇದನ್ನ ಬಿಚ್ಚಿದ್ದು ಯಾರು?" ನಾನು ಸುಮ್ಮನಿದ್ದೆ. "ಸ್ಕ್ರೂ ತುದಿ ಲಿವರಿಗೆ ಮುಟ್ತಾ ಇಲ್ಲ, ನೋಡಿದ್ರಾ? ಮುಟ್ಟದೇ ಇದ್ರೂ ರೇಸ್ ಇದೆ ಅಂದ್ರೆ ಬೇರೆ ಯಾರೋ ಬಾಗಿಲು ಹಿಡ್ಕೊಂಡಿದಾರೆ. ಇಲ್ಲಾ ಬೇರೆ ಬಾಗಿಲು ತೆರೆದಿದೆ."

ಆ ದಿನ ಅವರು ಮಾಡಿದ ಪರೀಕ್ಷೆಯ ಕ್ರಮ ನನಗೆ ಇಂದಿಗೂ ಪಾಠ.

ಮೊದಲು, ಬಾಗಿಲನ್ನು ಹಿಡಿದಿರುವುದು ಯಾವುದು ಎಂದು ನೋಡಿದರು. ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಚೋಕ್ ಜೊತೆಗೆ ಕೈಯಿಂದ ಎಳೆಯುವ ಎಕ್ಸಲೇಟರ್ ಗುಬ್ಬಿಯೂ ಇತ್ತು. ನಿಂತ ಜೀಪಿನಿಂದ ನೀರಿನ ಪಂಪು, ಗರಗಸ ಓಡಿಸಲಿಕ್ಕೆಂದು ಇದ್ದ ಅನುಕೂಲ ಅದು, ಜೀಪನ್ನು ರೈತನ ಗಾಡಿ ಎಂದು ಮಾರಿದ ಕಾಲದ ಗುರುತು. ಅದರ ವೈರು ತುಕ್ಕು ಹಿಡಿದು ಅರ್ಧದಲ್ಲೇ ಸಿಕ್ಕಿಕೊಂಡಿತ್ತು. ಸಾಲದ್ದಕ್ಕೆ ಎಂಜಿನ್ ಮೌಂಟಿಂಗಿನ ರಬ್ಬರೂ ಸತ್ತಿತ್ತು. ಇಳಿಜಾರಿನಲ್ಲಿ ಗಾಡಿಯ ಭಾರ ಎಂಜಿನ್ನನ್ನು ಹಿಂದಿನಿಂದ ನೂಕಿದಾಗ ಎಂಜಿನ್ ಒಂದು ಮಗ್ಗುಲಿಗೆ ವಾಲಿ, ವೈರು ಬಿಗಿಯಾಗಿ, ಗಾಳಿಯ ಬಾಗಿಲು ಇನ್ನಷ್ಟು ತೆರೆಯುತ್ತಿತ್ತು. ಅಂಗಳದಲ್ಲಿ ನಿಲ್ಲಿಸಿ ಸ್ಕ್ರೂ ತಿರುಗಿಸಿದ ನನಗೆ ಅದು ಹೇಗೆ ಗೊತ್ತಾಗಬೇಕು?

ವೈರು ಬಿಚ್ಚಿದ ಮೇಲೂ ಸ್ಪೀಡು ಪೂರ್ತಿ ಇಳಿಯಲಿಲ್ಲ. ಎರಡನೆಯದು, ಕಳ್ಳ ಗಾಳಿ. ಬಾಗಿಲು ಹೆಚ್ಚು ಕಡಿಮೆ ಮುಚ್ಚಿದ್ದಾಗ ಪಿಸ್ಟನ್ನುಗಳು ಬಲವಾಗಿ ಹೀರುತ್ತವೆ, ಎಲ್ಲಿ ಸಂದಿ ಇದ್ದರೂ ಗಾಳಿ ಒಳಗೆ ನುಗ್ಗುತ್ತದೆ. ಮೇಸ್ತ್ರಿ ಆಯಿಲ್ ಕ್ಯಾನಿನಿಂದ ಕಾರ್ಬೊರೇಟರಿನ ಬುಡದ ಪ್ಯಾಕಿಂಗ್ ಸುತ್ತ ಹನಿ ಹನಿ ಎಣ್ಣೆ ಬಿಟ್ಟರು. ಒಂದು ಮೂಲೆಯಲ್ಲಿ ಎಣ್ಣೆ ಒಳಗೆ ಎಳೆದುಕೊಂಡಿತು. ಸಂದಿ ಮುಚ್ಚಿದಷ್ಟು ಹೊತ್ತು ಎಂಜಿನ್ ಇಳಿಯಿತು, ಮತ್ತೆ ಏರಿತು. ಬಾಗಿಲಿನ ಶಾಫ್ಟ್ ಸವೆದಿದೆಯೇ, ವೈಪರಿನ ರಬ್ಬರ್ ಟ್ಯೂಬು ಬಿರಿದಿದೆಯೇ, ಎಂಜಿನ್ನಿನ ಹೊಗೆಯನ್ನು ಒಳಗೆಳೆಯುವ ವಾಲ್ವು ತೆರೆದೇ ಇದೆಯೇ ಎಂದೂ ನೋಡಿದರು.

ಮೂರನೆಯದು, ಕಿಡಿ. ಡಿಸ್ಟ್ರಿಬ್ಯೂಟರಿನೊಳಗಿನ ತೂಕಗಳ ಸ್ಪ್ರಿಂಗ್ ಸಡಿಲವಾದರೆ ಕಿಡಿ ಬೇಗ ಹಾರುತ್ತದೆ. ಬೇಗ ಹಾರಿದರೆ ಎಂಜಿನ್ ಏರುತ್ತದೆ, ಏರಿದ್ದಕ್ಕೆ ತೂಕಗಳು ಇನ್ನಷ್ಟು ಅಗಲುತ್ತವೆ. ನಮ್ಮದರಲ್ಲಿ ಅದು ಸರಿಯಿತ್ತು.

ಎಲ್ಲ ಮುಗಿದು, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಕೊನೆಗೆ ಸ್ಕ್ರೂ! ನಾನು ಶುರು ಮಾಡಿದ ಕಡೆ ಅವರು ಮುಗಿಸಿದರು.

ಆಮೇಲಿನ ಇತಿಹಾಸವನ್ನು ನೋಡಿದರೆ ಈ ಸ್ಕ್ರೂ ನಮ್ಮ ಕೈಯಿಂದ ದೂರ ದೂರ ಹೋದದ್ದೇ ಕಾಣುತ್ತದೆ. 1973ರ ತೈಲ ಬಿಕ್ಕಟ್ಟಿನ ನಂತರ ತೋಟದ ಜೀಪುಗಳು ಒಂದೊಂದಾಗಿ ಡೀಸೆಲ್ ಆದವು. ಆಗ ಐಡ್ಲಿಂಗ್ ಕಾರ್ಬೊರೇಟರನ್ನು ಬಿಟ್ಟು ಡೀಸೆಲ್ ಪಂಪಿನ ಗವರ್ನರಿಗೆ ಹೋಯಿತು. ನಮ್ಮ ಬೆಂಗಳೂರಿನ ಆಡುಗೋಡಿಯ ಮೈಕೋ (1951ರಲ್ಲಿ ಹುಟ್ಟಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು) ಇಂಥ ಪಂಪುಗಳಿಗೆ ದೇಶಕ್ಕೆಲ್ಲ ಹೆಸರುವಾಸಿ. ಗಾಳಿಯ ಎಳೆತದಿಂದ ನಡೆಯುವ ಗವರ್ನರ್ ಇದ್ದ ಪಂಪುಗಳಲ್ಲಿ ಕೊಳವೆ ಬಿರಿದರೂ ಒಳಗಿನ ಪೊರೆ ಹರಿದರೂ ಎಂಜಿನ್ ಹುಚ್ಚೆದ್ದು ಓಡುತ್ತಿತ್ತು. ಮತ್ತದೇ ಕಳ್ಳ ಗಾಳಿ!

1989ರ ಮೋಟಾರು ವಾಹನ ನಿಯಮಗಳು ಐಡ್ಲಿಂಗ್‌ನಲ್ಲಿ ನಾಲ್ಕು ಚಕ್ರದ ಪೆಟ್ರೋಲ್ ಗಾಡಿ ಬಿಡುವ ಕಾರ್ಬನ್ ಮೊನಾಕ್ಸೈಡ್ ಶೇ. 3 ಮೀರಬಾರದು ಎಂದವು. ಹೊಗೆ ಚೀಟಿಗಾಗಿ ಮಿಕ್ಸ್ಚರ್ ಸ್ಕ್ರೂ ಬಿಗಿದು, ಎಂಜಿನ್ ನಿಲ್ಲದಂತೆ ಸ್ಪೀಡಿನ ಸ್ಕ್ರೂ ಏರಿಸುವುದನ್ನು ನಾನೇ ಎಷ್ಟೋ ಕಡೆ ಕಂಡಿದ್ದೇನೆ.

1985ರಲ್ಲಿ ಕಾರ್ಬೊರೇಟರಿನೊಂದಿಗೆ ಬಂದ ಮಾರುತಿ ಜಿಪ್ಸಿಗೆ 2000ದ ಹೊತ್ತಿಗೆ ಎಂಪಿಎಫ್ಐ ಬಂತು. ಅದರಲ್ಲಿ ಐಡ್ಲಿಂಗ್ ನೋಡಿಕೊಳ್ಳುವುದು ಕಂಪ್ಯೂಟರ್. ಎಲ್ಲೋ ಗಾಳಿ ಸೋರಿದರೆ ಅದು ತನ್ನ ವಾಲ್ವನ್ನು ಅಷ್ಟೇ ಮುಚ್ಚಿ ಸರಿದೂಗಿಸುತ್ತದೆ. ಇನ್ನು ಮುಚ್ಚಲು ಜಾಗವಿಲ್ಲ ಎಂದಾಗಷ್ಟೇ ಐಡ್ಲಿಂಗ್ ಏರುತ್ತದೆ. ಅಷ್ಟರಲ್ಲಿ ಸೋರಿಕೆ ದೊಡ್ಡದಾಗಿರುತ್ತದೆ. ಆದ್ದರಿಂದ ಹಳೆಯ ಜಿಪ್ಸಿ ಇಟ್ಟುಕೊಂಡವರು ವಾಲ್ವು ಬದಲಿಸುವ ಮೊದಲು ಕೊಳವೆಗಳನ್ನೂ ಪ್ಯಾಕಿಂಗನ್ನೂ ನೋಡುವುದು ಒಳ್ಳೆಯದು. ಎಕ್ಸಲೇಟರ್ ಕೇಬಲ್ ಸಲೀಸಾಗಿ ಹಿಂದೆ ಬರುತ್ತದೆಯೇ, ಎಂಜಿನ್ ಬಿಸಿಯಾದದ್ದನ್ನು ತಿಳಿಸುವ ಸೆನ್ಸರ್ ನಿಜ ಹೇಳುತ್ತಿದೆಯೇ ಎಂಬುದನ್ನೂ.

ಒಮ್ಮೊಮ್ಮೆ ಅನ್ನಿಸುತ್ತದೆ, ಅಂದು ಅಂಗಳದಲ್ಲಿ ನಾನು ಮಾಡಿದ್ದೂ ಇಷ್ಟೇ: ರೋಗ ಬಿಟ್ಟು ಜ್ವರವನ್ನು ಮಾತ್ರ ಇಳಿಸಿದ್ದು.

ಮಾವನ ಮಣಿಕಟ್ಟು ಕೂಡಿಕೊಂಡಿತಾದರೂ ಮಳೆಗಾಲದಲ್ಲಿ ನೋಯುತ್ತಿತ್ತು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಆದರೆ ಮುಂದೆ ಪ್ರತಿ ಸಲ ಊರಿಗೆ ಹೋದಾಗಲೂ ಜೀಪಿನ ಕೀಲಿ ನನ್ನ ಕೈಗಿಟ್ಟು, "ಸ್ಟಾರ್ಟ್ ಮಾಡು, ಸುಮ್ನೆ ಕೂತು ಕೇಳು" ಅನ್ನುತ್ತಿದ್ದರು. ಕೇಳುತ್ತಿದ್ದೆ. ಸ್ಕ್ರೂ ಡ್ರೈವರ್ ಮುಟ್ಟುತ್ತಿರಲಿಲ್ಲ.

ನಿಮ್ಮ ಊರಿನ ಕೊಟ್ಟಿಗೆಯಲ್ಲೂ ಹಳೇ ಜೀಪೊಂದು ಇನ್ನೂ ಉಸಿರಾಡುತ್ತಿರಬಹುದು. ಈ ಸಲ ರಜೆಗೆ ಹೋದಾಗ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಕೂತು ಕೇಳಿ.