ಬೋರ್ ನೀರು, ಮಕ್ಕಳ ಹಲ್ಲು: ಒಂದು ಹಳೇ ಕತೆ

ಪಾವಗಡ ಕಡೆಯ ಶಾಲೆಗಳಿಗೆ ಸುದ್ದಿಗೆ ಹೋದಾಗ ಮಕ್ಕಳ ಫೋಟೊ ತೆಗೆಯುತ್ತೇನೆ. "ನಗ್ರಪ್ಪಾ" ಅಂದರೆ ಕೆಲವರು ತುಟಿ ಬಿಗಿ ಹಿಡಿಯುತ್ತಾರೆ. ಹಲ್ಲಿನ ಮೇಲೆ ಕಂದು ಪಟ್ಟೆ. "ಸರಿಯಾಗಿ ಉಜ್ಜಲ್ಲ ಸಾರ್" ಅಂತ ಪಕ್ಕದಲ್ಲಿದ್ದವರು ಹೇಳುತ್ತಾರೆ. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಅಂಗನವಾಡಿಗೂ ಸೇರದ ವಯಸ್ಸಿನಲ್ಲಿ ಕುಡಿದ ನೀರಿನ ಗುರುತು ಅದು.

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ ಬಂದ. ಅಲ್ಲೇ ಹುಟ್ಟಿ ಬೆಳೆದವರ ಹಲ್ಲಲ್ಲಿ ಇಂಥದೇ ಕಲೆ. ದೊಡ್ಡವರಾದ ಮೇಲೆ ಬಂದು ನೆಲೆಸಿದವರಿಗೆ ಇಲ್ಲ. ಮೆಕೇ ವರ್ಷಗಟ್ಟಲೆ ತಲೆ ಕೆಡಿಸಿಕೊಂಡ. 1923ರಲ್ಲಿ ಐಡಾಹೊ ರಾಜ್ಯದ ಓಕ್ಲಿ ಎಂಬ ಊರಿಗೆ ಹೋದಾಗ ಅಲ್ಲಿನ ತಂದೆತಾಯಿಯರು ಒಂದು ಮಾತು ಹೇಳಿದರು: ಐದು ಮೈಲಿ ದೂರದ ಬಿಸಿನೀರ ಬುಗ್ಗೆಯಿಂದ ಪೈಪ್ ಎಳೆದ ಮೇಲೆಯೇ ನಮ್ಮ ಮಕ್ಕಳಿಗೆ ಹೀಗಾಗಿದ್ದು. ನೀರು ಪರೀಕ್ಷೆ ಮಾಡಿದರೆ ಏನೂ ಸಿಗಲಿಲ್ಲ. ಆದರೂ ಮೆಕೇ ಆ ಪೈಪ್ ಬಿಡಿ ಎಂದ, ಊರು ಬಿಟ್ಟಿತು. ಕೆಲವೇ ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಕಲೆಯಿಲ್ಲದ ಹಲ್ಲು ಬಂತು. ನೀರಲ್ಲಿದ್ದದ್ದು ಫ್ಲೋರೈಡ್ ಎಂದು ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞ ಕಂಡುಹಿಡಿದದ್ದು 1931ರಲ್ಲಿ. ರಿಪೋರ್ಟ್ ಬರಲಿ ಅಂತ ಓಕ್ಲಿಯವರು ಕೂತಿದ್ದರೆ ಇನ್ನೊಂದಿಷ್ಟು ಮಕ್ಕಳ ಹಲ್ಲು ಹಾಳಾಗುತ್ತಿತ್ತು.

ನಮ್ಮ ಕಡೆಯ ಕತೆಯೂ ಹೊಸದೇನಲ್ಲ. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಜನರ ಬೆನ್ನುಮೂಳೆ ಸೆಟೆದುಕೊಳ್ಳುವುದಕ್ಕೆ ಕುಡಿಯುವ ನೀರಿನ ಫ್ಲೋರೈಡೇ ಕಾರಣ ಎಂದು ಶಾರ್ಟ್ ಮತ್ತು ಜೊತೆಗಾರ ವೈದ್ಯರು 1937ರಲ್ಲೇ ಬರೆದರು. ಆಮೇಲೆ ಬಂತು ಬೋರ್‌ವೆಲ್ ಕಾಲ. ಬೋರ್‌ವೆಲ್ಲನ್ನು ಬೈಯಲು ನನಗೆ ಮನಸ್ಸಿಲ್ಲ. ಮೆಟ್ಟಿಲು ಬಾವಿಯ ನಾರುಹುಣ್ಣು ಹೋಗಿದ್ದರಲ್ಲಿ ಕೈಪಂಪಿನ ಪಾಲು ದೊಡ್ಡದು, ವಾಂತಿಭೇದಿಯೂ ಕಡಿಮೆಯಾಯಿತು. ಆದರೆ ಮಳೆ ನೀರು ತುಂಬಿದ ಕೆರೆ ಬಿಟ್ಟು ಗ್ರಾನೈಟ್ ಬಂಡೆಯ ಸಂದಿನ ನೀರಿಗೆ ಬಂದೆವು. ಆ ಬಂಡೆಯಲ್ಲೇ ಫ್ಲೋರೈಡ್ ಇದೆ, ನಿಧಾನವಾಗಿ ನೀರಿಗೆ ಬಿಡುತ್ತದೆ. ಬಣ್ಣ, ವಾಸನೆ ಏನೂ ಇಲ್ಲ. ನೀರು ಬಿದ್ದ ದಿನ ಪೂಜೆ ಮಾಡಿದೆವು, ಪರೀಕ್ಷೆ ಮಾಡಿಸಲಿಲ್ಲ.

ಮುಂದಿನ ಶಾಶ್ವತ ಹಲ್ಲು ಹೊರಗೆ ಕಾಣುವುದು ಆರೇಳು ವರ್ಷಕ್ಕೆ. ಅದರ ಮೇಲಿನ ಹೊಳಪಿನ ಪದರ ತಯಾರಾಗುವುದು ಮಾತ್ರ ಮೊದಲ ಮೂರ್ನಾಲ್ಕು ವರ್ಷಗಳಲ್ಲಿ, ವಸಡಿನ ಒಳಗೆ. ಕಲೆ ಕಂಡಾಗ ಕಾಲ ಮೀರಿರುತ್ತದೆ. ಭಾರತದ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ.

ತಾಯಿ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೂ ಎದೆಹಾಲಿಗೆ ಬರುವುದು ತೀರಾ ಕಡಿಮೆ. ಹಾಗಾಗಿ ಆರು ತಿಂಗಳು ಬರೀ ಎದೆಹಾಲು ಕುಡಿದ ಮಗು ಅಷ್ಟು ದಿನ ಉಳಿದುಕೊಂಡಂತೆ. ಆಮೇಲೆ ರಾಗಿ ಸರಿ ಶುರು, ಇಲ್ಲವೇ ಡಬ್ಬಿ ಹಾಲಿನ ಪುಡಿ. ಎಷ್ಟೋ ಮನೆಯಲ್ಲಿ ದೊಡ್ಡವರು ಕುಡಿಯಲು ಕ್ಯಾನಿನ ಫಿಲ್ಟರ್ ನೀರು, ಮಗುವಿನ ಸರಿ ಕಾಯಿಸಲು ನಲ್ಲಿ ನೀರು. "ಕುದಿಸ್ತೀವಲ್ಲಣ್ಣಾ" ಅಂತಾರೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. ಕ್ಯಾನಿನ ನೀರು ಸಾಲದಿದ್ದರೆ ಮೊದಲ ಚೊಂಬು ಮಗುವಿನ ಸರಿಗೆ ಇಡಿ.

ಜಲಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಗೆ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕು, ಕಿಟ್ಟೂ ಕೊಡಬೇಕು. ನಿಮ್ಮೂರಲ್ಲಿ ಆ ಐವರು ಯಾರು, ಕಿಟ್ ಯಾರ ಬೀರುವಿನಲ್ಲಿದೆ ಅಂತ ಮುಂದಿನ ಗ್ರಾಮಸಭೆಯಲ್ಲಿ ಕೇಳಿ.